ಲೇಸರ್ ಬಿದ್ದರೆ ಬಿಸಿಯಾಗಬೇಕಲ್ವಾ? ಅದೇ ಬೆಳಕು ತಣ್ಣನೆಯ ಪರಮಾಣುಗಳನ್ನು ಹಿಡಿದಿಡುವುದು ಹೇಗೆ?

ಬಿಸಿಯಾಗುವುದು ಮುಖ್ಯವಾಗಿ ಪರಮಾಣು ಬೆಳಕನ್ನು ಹೀರಿದಾಗ. ಇಂಥ ಪ್ರಯೋಗಗಳಲ್ಲಿ ಬಳಸುವ ರುಬಿಡಿಯಂ ಎಂಬ ಲೋಹದ ಪರಮಾಣು 780 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಅದರ ಮೇಲೆ 852 ನ್ಯಾನೊಮೀಟರ್ ಲೇಸರ್ ಬಿಟ್ಟರೆ ಹೀರುವುದು ತೀರಾ ಅಪರೂಪ. ಆದರೂ ಬೆಳಕಿನ ವಿದ್ಯುತ್ ಕ್ಷೇತ್ರ ಅದರ ಎಲೆಕ್ಟ್ರಾನ್‌ಗಳನ್ನು ಚೂರು ಅಲುಗಾಡಿಸುತ್ತದೆ. ಆಗ ಪರಮಾಣು ಬೆಳಕು ಜಾಸ್ತಿ ಇರುವ ಕಡೆಗೆ ಸರಿಯುತ್ತದೆ.

ಎದುರುಬದುರಾಗಿ ಎರಡು ಕಿರಣ ಬಿಟ್ಟರೆ ನಿಂತ ಅಲೆ ಹುಟ್ಟುತ್ತದೆ, ಅಂದರೆ ಪ್ರಖರ ಮತ್ತು ಮಂಕು ಜಾಗಗಳು ಕದಲದೆ ನಿಲ್ಲುತ್ತವೆ. 426 ನ್ಯಾನೊಮೀಟರ್‌ಗೊಂದು ಪ್ರಖರ ಜಾಗ, ಅಂದರೆ ಪರಮಾಣು ಕೂರಲು ಒಂದೊಂದು ಗುಳಿ. ಮೂರೂ ದಿಕ್ಕಿನಲ್ಲಿ ಹೀಗೆ ಮಾಡಿದರೆ ಮೊಟ್ಟೆ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿದಂಥ ಜಾಲರಿ ಸಿದ್ಧ. ಗುಳಿಗಳು ಆಳವಿಲ್ಲ, ಅದಕ್ಕೇ ಪರಮಾಣುಗಳು ತೀರಾ ತಣ್ಣಗಿರಬೇಕು.

ನಿಜವಾದ ಸೊಗಸು ಇರುವುದು ಮುಂದೆ. ಲೇಸರ್ ಮಂದವಿದ್ದಾಗ ಪರಮಾಣುಗಳು ಗುಳಿಯಿಂದ ಗುಳಿಗೆ ಸಲೀಸಾಗಿ ನುಸುಳುತ್ತವೆ, ಇಡೀ ಜಾಲರಿಯಲ್ಲಿ ಒಂದೇ ಅಲೆಯಂತೆ ಹರಡಿಕೊಳ್ಳುತ್ತವೆ. ಜೋರು ಮಾಡಿದರೆ ಪರಸ್ಪರ ತಳ್ಳಾಟ ಗೆದ್ದು, ಗುಳಿಗೆ ಇಷ್ಟೇ ಅಂತ ಲೆಕ್ಕವಾಗಿ ಕೂತುಬಿಡುತ್ತವೆ. 2002ರಲ್ಲಿ ಭೌತವಿಜ್ಞಾನಿಗಳಾದ ಮಾರ್ಕುಸ್ ಗ್ರೈನರ್, ಇಮ್ಯಾನುಯೆಲ್ ಬ್ಲಾಖ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಲೇಸರ್ ತಗ್ಗಿಸಿದಾಗ ಆ ಅಲೆ ಮರಳಿ ಬಂತು!

ಘನವಸ್ತುವಿನೊಳಗಿನ ಎಲೆಕ್ಟ್ರಾನ್‌ಗಳಲ್ಲೂ ನುಸುಳಾಟಕ್ಕೂ ತಳ್ಳಾಟಕ್ಕೂ ಇಂಥದೇ ಪೈಪೋಟಿ. ಕಣಗಳು ಹೆಚ್ಚಿದಂತೆ ಆ ಲೆಕ್ಕ ಕಂಪ್ಯೂಟರ್‌ನ ಕೈಮೀರುತ್ತದೆ. ಇಲ್ಲಿ ಪರಮಾಣುಗಳೇ ಅದನ್ನು ನಡೆಸಿ ತೋರಿಸುತ್ತವೆ, ನಾವು ಅಳೆದರೆ ಸಾಕು.