ಓದುಗರ ಪ್ರಶ್ನೋತ್ತರ: ಕಂಪ್ಯೂಟರಿನಲ್ಲಿ ಕಟ್ಟುವ ಅಂತರಿಕ್ಷ ನೌಕೆಗಳು

ಪ್ರಶ್ನೆ: ಬಿಡುವಿನ ವೇಳೆಯಲ್ಲಿ ಮೂರು ಆಯಾಮದ ಮಾದರಿಗಳನ್ನು ಕಟ್ಟುವ ಬ್ಲೆಂಡರ್ ತಂತ್ರಾಂಶ ಬಳಸಿ ಕಾಲ್ಪನಿಕ ಅಂತರಿಕ್ಷ ನೌಕೆಯೊಂದರ ಮಾದರಿ ಮಾಡಿದ್ದೇನೆ. ನನ್ನ ಕಲ್ಪನೆಯಲ್ಲಿ ಅದರ ಉದ್ದ 300 ಮೀಟರ್. ಆದರೆ ರೆಂಡರ್ ಮಾಡಿ, ಅಂದರೆ ಮಾದರಿಯಿಂದ ಅಂತಿಮ ಚಿತ್ರ ತೆಗೆದು, ನೋಡಿದರೆ ಅಂಗೈಯಲ್ಲಿ ಹಿಡಿಯುವ ಆಟಿಕೆಯಂತೆ ಕಾಣುತ್ತದೆ. ಮೇಲ್ಮೈಗೆ ಇನ್ನಷ್ಟು ಕೊಳವೆ, ಪೆಟ್ಟಿಗೆ, ಗೆರೆಗಳನ್ನು ಸೇರಿಸಿದರೂ ಪ್ರಯೋಜನವಾಗಲಿಲ್ಲ. ಏನು ಮಾಡಬೇಕು?
– ಹಾಸನದ ಓದುಗರು

ಉತ್ತರ: ನಿಮ್ಮ ನೌಕೆಗೆ ವಿವರಗಳ ಕೊರತೆ ಇರುವಂತಿಲ್ಲ, ಇರುವ ವಿವರಗಳು ನೌಕೆಯ ಉದ್ದಕ್ಕೆ ಹೊಂದುವ ಅಳತೆಯಲ್ಲಿಲ್ಲವೆಂದು ತೋರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ 300 ಮೀಟರ್ ಉದ್ದದ ನೌಕೆ ಅಂಚಿನಿಂದ ಅಂಚಿಗೆ ತುಂಬಿಕೊಂಡರೆ ಒಂದು ಪಿಕ್ಸೆಲ್‌ಗೆ ಸುಮಾರು 16 ಸೆಂಟಿಮೀಟರ್ ಬರುತ್ತದೆ. ಮನುಷ್ಯರು ಓಡಾಡುವ 2 ಮೀಟರ್ ಎತ್ತರದ ಬಾಗಿಲು ಆ ಚಿತ್ರದಲ್ಲಿ ಹೆಚ್ಚೆಂದರೆ 13 ಪಿಕ್ಸೆಲ್ ಇರಬೇಕು. ಅರ್ಧ ಮೀಟರಿನ ಕಿಟಕಿ 3 ಪಿಕ್ಸೆಲ್‌ಗಿಂತ ಅಷ್ಟಾಗಿ ಮೀರಬಾರದು. ಕಿಟಕಿಗಳನ್ನು ಇದರ ಹತ್ತು ಪಟ್ಟು ದೊಡ್ಡದಾಗಿ ಇಟ್ಟರೆ, ನೋಡುವ ಕಣ್ಣು ಆ ಕಿಟಕಿಯನ್ನೇ ಅಳತೆಗೋಲಾಗಿ ಹಿಡಿದು ಇಡೀ ನೌಕೆಯನ್ನು 30 ಮೀಟರಿಗೆ ಇಳಿಸಿಬಿಡುತ್ತದೆ.

ಅಂಚುಗಳ ಹರಿತವನ್ನು ತೆಗೆಯುವ ಬೆವೆಲ್‌ನಲ್ಲಿಯೂ ಇದೇ ತಪ್ಪಾಗುತ್ತದೆ. 30 ಸೆಂಟಿಮೀಟರಿನ ಪ್ಲಾಸ್ಟಿಕ್ ಆಟಿಕೆಯ ಅಂಚು 3 ಮಿಲಿಮೀಟರಿನಷ್ಟು ದುಂಡಗಿದ್ದರೆ ಸಹಜ. ಅದೇ ಪ್ರಮಾಣವನ್ನು ನಿಮ್ಮ ನೌಕೆಗೆ ಕೊಟ್ಟರೆ ಅದರ ಅಂಚು 3 ಮೀಟರ್ ದುಂಡಗಾಗುತ್ತದೆ, ಲೋಹದ ಹಾಳೆಗಳಿಂದ ಕಟ್ಟಿದ ಯಾವ ಹಡಗೂ ಹಾಗಿರುವುದಿಲ್ಲ. ಕ್ಯಾಮೆರಾದಲ್ಲಿ ಹಿನ್ನೆಲೆಯನ್ನೋ ನೌಕೆಯ ಬಾಲವನ್ನೋ ಮಸುಕು ಮಾಡಿದ್ದರೆ ಅದನ್ನೂ ತೆಗೆಯಿರಿ. ಹತ್ತಿರದಿಂದ ತೆಗೆದ ಸಣ್ಣ ವಸ್ತುಗಳ ಚಿತ್ರದಲ್ಲಿ ಹೆಚ್ಚಾಗಿ ಅಂಥ ಮಸುಕು ಕಾಣುತ್ತದೆ. ದೂರದಿಂದ ಚಿತ್ರಿಸಿದ ದೊಡ್ಡ ವಸ್ತು ಮೂತಿಯಿಂದ ಬಾಲದವರೆಗೆ ಸ್ಪಷ್ಟವಾಗಿಯೇ ಇರುತ್ತದೆ.

ಇನ್ನು ಕೊಳವೆ, ಪೆಟ್ಟಿಗೆಗಳ ವಿಚಾರ. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಮಾದರಿಕಾರರು ಅಂಗಡಿಗಳಲ್ಲಿ ಸಿಗುತ್ತಿದ್ದ ಟ್ಯಾಂಕ್, ವಿಮಾನಗಳ ಪ್ಲಾಸ್ಟಿಕ್ ಜೋಡಣೆ ಕಿಟ್‌ಗಳ ಬಿಡಿಭಾಗಗಳನ್ನು ನೌಕೆಗಳ ಮೈಗೆ ಅಂಟಿಸಿ ಬೃಹತ್ತಾದ ಯಂತ್ರದ ಭ್ರಮೆ ಹುಟ್ಟಿಸಿದರು. ಹವ್ಯಾಸಿಗಳು ಇಂದಿಗೂ ಗ್ರೀಬಲ್ ಎಂದು ಕರೆಯುವುದು ಇಂಥ ತುಣುಕುಗಳನ್ನೇ. ಇಡೀ ಮೈಮೇಲೆ ಸಮನಾಗಿ ಹರಡಿದರೆ ಗ್ರೀಬಲ್ ಒರಟು ಬಟ್ಟೆಯಂತೆ ಕಾಣುತ್ತದೆಯೇ ಹೊರತು ಯಂತ್ರದಂತಲ್ಲ. ಎಂಜಿನ್ನಿನ ಸುತ್ತ, ಕವಚಗಳು ಕೂಡುವ ಕಣಿವೆಗಳಲ್ಲಿ, ಹಡಗು ಬಂದು ತಂಗುವ ಕಟ್ಟೆಯ ಬಳಿ ಒತ್ತಾಗಿ ಇಟ್ಟು, ಉಳಿದ ವಿಶಾಲ ಮೇಲ್ಮೈಯನ್ನು ಧೈರ್ಯವಾಗಿ ಖಾಲಿ ಬಿಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರತಿ ತುಣುಕಿಗೂ ಒಂದು ಕೆಲಸ ಇರಬೇಕು. ನಿರ್ವಾತದಲ್ಲಿ ಗಾಳಿಯೇ ಇಲ್ಲದ ಕಾರಣ ನೌಕೆಯ ಶಾಖ ವಿಕಿರಣವಾಗಿಯೇ ಹೊರಹೋಗಬೇಕು. ಅದಕ್ಕಾಗಿಯೇ ಸುಮಾರು 109 ಮೀಟರ್ ಹರಡಿಕೊಂಡಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಸೌರಫಲಕಗಳಲ್ಲದೆ ದೊಡ್ಡ ಬಿಳಿಯ ರೇಡಿಯೇಟರ್ ಫಲಕಗಳೂ ಇವೆ. ಹವ್ಯಾಸಿಗಳು ರೇಡಿಯೇಟರುಗಳನ್ನು ಸುಲಭವಾಗಿ ಮರೆಯುತ್ತಾರೆ. ಆ ನಿಲ್ದಾಣದ ಛಾಯಾಚಿತ್ರಗಳನ್ನೂ, ನಾಸಾ ಸಂಸ್ಥೆ ಉಚಿತವಾಗಿ ಕೊಡುವ ನೌಕೆಗಳ ತ್ರಿಆಯಾಮ ಮಾದರಿಗಳನ್ನೂ ಎದುರಿಗಿಟ್ಟುಕೊಂಡು ಕೆಲಸ ಮಾಡಿದರೆ ಯಾವ ಭಾಗ ಏಕೆ ಅಲ್ಲಿದೆ ಎಂಬುದು ತಾನಾಗಿ ಮನದಟ್ಟಾಗುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ ಮಾತ್ರ ಇದೆ. ನೌಕೆಗೆ ಭಾಗಗಳನ್ನು ಸೇರಿಸುತ್ತಾ ಹೋದಂತೆ ಕಂಪ್ಯೂಟರ್ ನಿಂತೇಹೋಗುತ್ತದೆ. ದುಬಾರಿ ತಂತ್ರಾಂಶ ಕೊಂಡರೆ ಅನುಕೂಲವಾದೀತೇ?
– ಶಿವಮೊಗ್ಗದ ವಿದ್ಯಾರ್ಥಿನಿ

ಉತ್ತರ: ಕೊಳ್ಳುವ ಅಗತ್ಯವಿಲ್ಲ. ಬ್ಲೆಂಡರ್‌ನಲ್ಲಿ ಒಂದೇ ಬಗೆಯ ಭಾಗವನ್ನು ನಕಲು ಮಾಡುವಾಗ ಶಿಫ್ಟ್–ಡಿ ಬದಲು ಆಲ್ಟ್–ಡಿ ಒತ್ತಿರಿ. ಆಗ ನೂರು ಕಿಟಕಿಗಳಿದ್ದರೂ ಅವುಗಳ ಮೆಶ್ (ಆಕಾರವನ್ನು ರೂಪಿಸುವ ಜಾಲರಿ) ಮೆಮೊರಿಯಲ್ಲಿ ಒಂದೇ ಸಲ ಕೂರುತ್ತದೆ. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ದೂರದಿಂದ ಮಾತ್ರ ಕಾಣುವ ಗೆರೆಗಳನ್ನು ಮೆಶ್ಶಿನ ಸಣ್ಣ ಮುಖಗಳಾದ ಪಾಲಿಗಾನ್‌ಗಳಲ್ಲಿ ಕೆತ್ತದೆ, ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರವಾದ ನಾರ್ಮಲ್ ಮ್ಯಾಪ್‌ನಿಂದ ತೋರಿಸಬಹುದು. 2002ರಲ್ಲಿ ಈ ತಂತ್ರಾಂಶದ ಹಿಂದಿದ್ದ ಕಂಪನಿ ಮುಚ್ಚಿದಾಗ ಬಳಕೆದಾರರು ಕೆಲವೇ ವಾರಗಳಲ್ಲಿ 1 ಲಕ್ಷ ಯೂರೋ ಕೂಡಿಸಿ ಅದನ್ನು ಎಲ್ಲರಿಗೂ ಮುಕ್ತಗೊಳಿಸಿದರು. ನಿಮ್ಮಂಥ ವಿದ್ಯಾರ್ಥಿಗಳು ಇಂದು ಹಣವಿಲ್ಲದೆ ಈ ಕಲೆಯನ್ನು ಕಲಿಯಲು ಸಾಧ್ಯವಾಗಿರುವುದು ಅವರಿಂದ.

ಪ್ರಶ್ನೆ: ಪ್ರಸಿದ್ಧ ಚಲನಚಿತ್ರವೊಂದರ ನೌಕೆಯನ್ನು ನಾನೇ ಮೊದಲಿನಿಂದ ಕಟ್ಟಿದ್ದೇನೆ. ಎಂಜಿನ್ ಭಾಗವನ್ನು ಮಾತ್ರ ಬೇರೆ ಕಲಾವಿದರೊಬ್ಬರು ಹಂಚಿದ್ದ ಮಾದರಿಯಿಂದ ತೆಗೆದುಕೊಂಡೆ. ಹಣ ಪಡೆಯದೆ ಫೈಲನ್ನು ಎಲ್ಲರಿಗೂ ಕೊಡಬಹುದೇ?
– ಮಂಗಳೂರಿನ ಓದುಗರು

ಉತ್ತರ: ಇಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿವೆ. ಮೆಶ್ಶನ್ನು ನೀವೇ ಕಟ್ಟಿದ್ದರೂ ನೌಕೆಯ ವಿನ್ಯಾಸ ಚಲನಚಿತ್ರ ನಿರ್ಮಿಸಿದವರದು; ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ ಎರಡು ಆಯಾಮದ ಕಲಾಕೃತಿಯನ್ನು ಮೂರು ಆಯಾಮಗಳಲ್ಲಿ ರೂಪಿಸುವುದೂ ಹಕ್ಕುದಾರರಿಗೆ ಮೀಸಲಾದ ಹಕ್ಕು. ಮನೆಯಲ್ಲಿ ಕಲಿಕೆಗಾಗಿ ಮಾಡಿಕೊಳ್ಳುವುದಕ್ಕೂ ಸಾರ್ವಜನಿಕರಿಗೆ ಹಂಚುವುದಕ್ಕೂ ವ್ಯತ್ಯಾಸವಿದೆ, ಹಣ ಪಡೆಯದಿರುವುದೇ ಅನುಮತಿಯಾಗುವುದಿಲ್ಲ. ಅಭಿಮಾನಿಗಳ ಕೆಲಸವನ್ನು ಅನೇಕ ನಿರ್ಮಾಣ ಸಂಸ್ಥೆಗಳು ಸಹಿಸಿಕೊಳ್ಳುತ್ತವೆ, ಆದರೆ ಆ ಸಹನೆ ನಿಮಗೆ ದೊರೆತ ಹಕ್ಕಲ್ಲ. ಆದುದರಿಂದ ರೆಂಡರ್ ಮಾಡಿದ ಚಿತ್ರಗಳನ್ನು ತೋರಿಸಿ, ಫೈಲನ್ನು ನಿಮ್ಮಲ್ಲೇ ಇಟ್ಟುಕೊಳ್ಳುವುದು ಹೆಚ್ಚು ಕ್ಷೇಮಕರ. ಯಾವ ಕಾರಣಕ್ಕೂ ಅದಕ್ಕೆ ಕ್ರಿಯೇಟಿವ್ ಕಾಮನ್ಸ್ (ಕೃತಿಯನ್ನು ಬಳಸಲು ಎಲ್ಲರಿಗೂ ಮೊದಲೇ ಅನುಮತಿ ಕೊಡುವ) ಪರವಾನಗಿ ಅಂಟಿಸಬೇಡಿ. ನಿಮ್ಮದಲ್ಲದ ವಿನ್ಯಾಸವನ್ನು ಬಳಸಲು ಇತರರಿಗೆ ಅನುಮತಿ ಕೊಡುವ ಅಧಿಕಾರ ನಿಮಗಿಲ್ಲ.

ಎಂಜಿನ್ನಿನ ವಿಷಯದಲ್ಲಿ ಆ ಕಲಾವಿದರು ಯಾವ ಪರವಾನಗಿಯಡಿ ಹಂಚಿದ್ದಾರೆಂದು ಓದಿ ನೋಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ‘ಬೈ’ ಎಂದಿದ್ದರೆ ಅವರ ಹೆಸರು, ಪರವಾನಗಿ ಮತ್ತು ನೀವು ಮಾಡಿದ ಬದಲಾವಣೆಗಳನ್ನು ತಿಳಿಸಿ ಬಳಸಬಹುದು. ‘ಎನ್‌ಸಿ’ ಇದ್ದರೆ ಆ ಭಾಗವಿರುವ ನೌಕೆಯನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎನ್‌ಡಿ’ ಇದ್ದರೆ ಮಾರ್ಪಡಿಸಿದ್ದನ್ನು ಹಂಚುವಂತೆಯೇ ಇಲ್ಲ. ಏನೂ ಬರೆದಿಲ್ಲವಾದರೆ ಎಲ್ಲ ಹಕ್ಕುಗಳೂ ಅವರಲ್ಲೇ ಇವೆಯೆಂದು ತಿಳಿದು ಕೇಳಿಯೇ ಬಳಸಬೇಕು. ರಾತ್ರಿಗಳನ್ನು ಕಳೆದು ಕಟ್ಟಿದ್ದನ್ನು ಬಿಟ್ಟಿಯಾಗಿ ಕೊಡುವವರಿಗೆ ಸಿಗುವ ಸಂಭಾವನೆಯೆಂದರೆ ಹೆಸರೊಂದೇ. ಅದನ್ನೂ ಅಳಿಸಿಹಾಕುವುದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಅನ್ಯಾಯ. ಮುಂದೆ ನಿಮ್ಮದೇ ವಿನ್ಯಾಸ ಹಂಚುವಾಗಲೂ ಯೋಚಿಸಿ ಪರವಾನಗಿ ಆರಿಸಿ, ಏಕೆಂದರೆ ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಅನುಮತಿಯನ್ನು ಪಡೆದವರಿಂದ ಹಿಂತೆಗೆದುಕೊಳ್ಳಲಾಗದು.

ಪ್ರಶ್ನೆ: ಪರದೆಯಲ್ಲಿ ಸುಂದರವಾಗಿ ಕಾಣುವ ನೌಕೆಯನ್ನು 3ಡಿ ಪ್ರಿಂಟ್ ಮಾಡಿಸಿದರೆ ಆಂಟೆನಾಗಳೇ ಮಾಯವಾಗಿದ್ದವು. ಏಕೆ?
– ಧಾರವಾಡದ ಓದುಗರು

ಉತ್ತರ: 300 ಮೀಟರಿನ ನೌಕೆಯನ್ನು 30 ಸೆಂಟಿಮೀಟರಿಗೆ ಇಳಿಸಿದರೆ 20 ಸೆಂಟಿಮೀಟರ್ ದಪ್ಪದ ಆಂಟೆನಾ 0.2 ಮಿಲಿಮೀಟರ್ ಆಗುತ್ತದೆ. ಪ್ಲಾಸ್ಟಿಕ್ ತಂತಿ ಕರಗಿಸುವ ಸಾಮಾನ್ಯ ಪ್ರಿಂಟರಿನ ನಳಿಕೆಯ ರಂಧ್ರವೇ 0.4 ಮಿಲಿಮೀಟರ್ ಇರುತ್ತದೆ. ಮುದ್ರಣಕ್ಕಾಗಿಯೇ ಪ್ರತ್ಯೇಕ ಪ್ರತಿ ಮಾಡಿ, ತೆಳುಭಾಗಗಳನ್ನು ಅಳತೆ ಮೀರಿದರೂ ಸರಿ, ದಪ್ಪಗೊಳಿಸಿ, ಮೆಶ್‌ನಲ್ಲಿ ಎಲ್ಲೂ ತೂತಿಲ್ಲದಂತೆ ಮುಚ್ಚಿ. ಆಂಟೆನಾಗಳಿಗೆ ಮಾತ್ರ ಮೈಯಲ್ಲಿ ರಂಧ್ರ ಬಿಟ್ಟು, ಮುದ್ರಣದ ನಂತರ ಉಕ್ಕಿನ ತಂತಿ ಸಿಕ್ಕಿಸುವುದು ಎಲ್ಲಕ್ಕಿಂತ ಗಟ್ಟಿಯಾದ ದಾರಿ.