ಗುಡ್‌ರೀಡ್ಸ್ ಪಟ್ಟಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೆಸರುಗಳು ಕೆಟ್ಟು ಕಾಣುತ್ತಿರುವುದಕ್ಕೆ
ನಿಮ್ಮ ಪುಸ್ತಕಗಳ ಹೆಸರು ಹಾಳಾಗಿಲ್ಲ. ಓದಿದ ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳುವ ತಾಣವಾದ ಗುಡ್‌ರೀಡ್ಸ್‌ನಿಂದ ಬರುವ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬಿಡಿಸಿದ ಸರಳ ಪಠ್ಯದ ಪಟ್ಟಿ) ಯುಟಿಎಫ್-8 ಅನ್ನುವ ಲಿಪಿಸಂಕೇತದಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಒಂದು ಪದ್ಧತಿಯಲ್ಲಿ ಇರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ಬೇರೆ ಲಿಪಿಸಂಕೇತ ಅಂದುಕೊಂಡು ಓದುತ್ತದೆ. "ಪರ್ವ" ಇದ್ದ ಕಡೆ "à²ª" ಥರದ ಗೀಚು ಬರುವುದು ಅದಕ್ಕೇ. ಫೈಲ್ ನೋಡದೆ ಹೇಳುತ್ತಿದ್ದೇನೆ, ಆದರೆ ನೀವು ಬರೆದಿರುವ ಲಕ್ಷಣ ಇದರದ್ದೇ.

ಈಗ ತೆರೆದಿರುವುದನ್ನು ಸೇವ್ ಮಾಡದೆ ಮುಚ್ಚಿ. ಸೇವ್ ಆಗಿಬಿಟ್ಟಿದ್ದರೆ ವೆಬ್‌ಸೈಟಿನಲ್ಲಿ ಮೈ ಬುಕ್ಸ್‌ಗೆ ಹೋಗಿ, ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್‌ನಿಂದ ಇನ್ನೊಮ್ಮೆ ಇಳಿಸಿಕೊಳ್ಳಿ. ಆಮೇಲೆ ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆರೆದು ಡೇಟಾ, ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಫೈಲ್ ಆರಿಸಿ. ಫೈಲ್ ಒರಿಜಿನ್ ಅನ್ನುವ ಕಡೆ 65001 ಯುನಿಕೋಡ್ (ಯುಟಿಎಫ್-8) ಆರಿಸಿದರೆ ಮುನ್ನೋಟದಲ್ಲೇ ಕನ್ನಡ ಕಾಣುತ್ತದೆ. ಆಗ ಲೋಡ್ ಒತ್ತಿ. ಮ್ಯಾಕ್‌ನಲ್ಲಿ ಮೆನು ಸ್ವಲ್ಪ ಬೇರೆ ಇರಬಹುದು. ಇದೆಲ್ಲ ತಲೆನೋವು ಅನಿಸಿದರೆ ಗೂಗಲ್ ಶೀಟ್ಸ್‌ಗೆ ಹಾಕಿ, ಅಲ್ಲಿ ಸಾಮಾನ್ಯವಾಗಿ ಈ ರಗಳೆ ಇರುವುದಿಲ್ಲ.

ಈ ಪಟ್ಟಿಯಿಂದ ವರ್ಷಕ್ಕೆ ಎಷ್ಟು ಪುಸ್ತಕ ಓದಿದಿರಿ ಅಂತ ಲೆಕ್ಕ ಹಾಕುವಾಗ ಡೇಟ್ ರೀಡ್ ಕಾಲಂ ನೋಡಿ, ಡೇಟ್ ಆ್ಯಡೆಡ್ ಅಲ್ಲ. ಡೇಟ್ ಆ್ಯಡೆಡ್ ಅಂದರೆ ಪುಸ್ತಕವನ್ನು ಸುಮ್ನೆ ಪಟ್ಟಿಗೆ ಸೇರಿಸಿದ ದಿನ. ಓದಿ ಮುಗಿಸಿದ ತಾರೀಖು ನೀವು ಹಾಕದಿದ್ದರೆ ಡೇಟ್ ರೀಡ್ ಖಾಲಿ ಇರುತ್ತದೆ, ಅಂಥವನ್ನು ಕೈಯಾರೆ ತುಂಬಬೇಕು.