ತಂದೆಯ ದುಡಿಮೆಯ ಋಣ ಮತ್ತು ಮಗನ ಗಾಲ್ಫ್

ಗಾಲ್ಫ್ ಮೈದಾನಗಳ ಆಸುಪಾಸಿನ ಬಡಾವಣೆಗಳಿಂದ ಯುವಕರು, ಆಟ ಮುಂದುವರಿಸುವುದೋ ನೌಕರಿ ಹಿಡಿಯುವುದೋ ಎಂಬ ಹೆಚ್ಚುಕಡಿಮೆ ಒಂದೇ ಗೊಂದಲದೊಂದಿಗೆ, ಸಲಹೆಗಾರ್ತಿಯಾದ ನನ್ನ ಬಳಿ ಬರುತ್ತಿದ್ದಾರೆ. ಅವರಲ್ಲೊಬ್ಬನ ಪ್ರಕರಣವನ್ನು, ಅವನ ಒಪ್ಪಿಗೆ ಪಡೆದು, ಗುರುತಿನ ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

ಬೆಂಗಳೂರಿನ ಈ ಯುವಕನ ತಂದೆ ಕ್ಯಾಡಿ. ಗಾಲ್ಫ್ ಕ್ಲಬ್ಬಿನ ಸದಸ್ಯರು ಆಡುವಾಗ ಅವರ ಬ್ಯಾಗ್ ಹೊತ್ತು ಸಂಸಾರ ನಡೆಸಿದವರು. ಮೈದಾನವನ್ನು ಕ್ಯಾಡಿಗಳಿಗೆ ಬಿಟ್ಟುಕೊಡುತ್ತಿದ್ದ ಸೋಮವಾರಗಳಂದು, ಯಾರೋ ಕೊಟ್ಟ ಹಳೆಯ ಗಾಲ್ಫ್ ಕೋಲುಗಳಲ್ಲಿ ಆಟ ಕಲಿತ ಮಗ ಅಮೆಚೂರ್, ಅಂದರೆ ಹವ್ಯಾಸಿ ಆಟಗಾರರ, ಟೂರ್ನಿಗಳವರೆಗೆ ಬಂದಿದ್ದ. ಪ್ರವೇಶ ಶುಲ್ಕ, ರೈಲು, ವಸತಿ ಎಂದು ಸಾಲ ಬೆಳೆದಿತ್ತು. ಅದೇ ಹೊತ್ತಿಗೆ, ಗಾಲ್ಫ್ ಚೆಂಡು ಹೊಡೆಯುವ ಅಭ್ಯಾಸಕ್ಕೆಂದೇ ಇರುವ ಡ್ರೈವಿಂಗ್ ರೇಂಜ್ ಒಂದರಲ್ಲಿ ಸಹಾಯಕ ತರಬೇತುದಾರನ ಕೆಲಸ ಸಿಗುವಂತಾಯಿತು. ಹಣ ಪಡೆದು ಕಲಿಸಿದರೆ ಅಮೆಚೂರ್ ಸ್ಥಾನ ಹೋಗುತ್ತದೆ, ಒಪ್ಪಿಕೊಳ್ಳಬೇಡ ಎಂದು ಗೆಳೆಯರು ತಡೆದಿದ್ದರು.

ತಂದೆಯನ್ನೂ ಕರೆಸಿದ ದಿನ ಮಾತಿನ ದಿಕ್ಕು ಬದಲಾಯಿತು. "ಮೇಡಂ, ಅಪ್ಪ ಇಷ್ಟು ವರ್ಷ ಬ್ಯಾಗ್ ಹೊತ್ತಿದ್ದೇ ನಾನು ಆಡಲಿ ಅಂತ. ಈಗ ನಾನು ಪಾಠ ಹೇಳ್ಕೊಂಡು ನಿಂತ್ರೆ ಅವರ ದುಡಿಮೆಗೆ ಏನರ್ಥ?" ಎಂದು ಅವನು ನನ್ನತ್ತ ನೋಡಿ ಕೇಳಿದ. ಅದುವರೆಗೆ ಸುಮ್ಮನಿದ್ದ ತಂದೆ ಮಗನ ಕಡೆ ತಿರುಗಿದರು.

"ನಾನು ಬ್ಯಾಗ್ ಹೊತ್ತಿದ್ದು ಕೂಲಿಗೆ ಕಣಪ್ಪಾ. ಆ ದುಡ್ಡಲ್ಲಿ ಬಾಡಿಗೆ ಕಟ್ಟಿದ್ವಿ, ಊಟ ಮಾಡಿದ್ವಿ. ಅದು ಅವತ್ತವತ್ತಿಗೇ ಮುಗೀತು. ನೀನು ತೀರಿಸೋಕೆ ಏನೂ ಬಾಕಿ ಇಲ್ಲ."

"ಹಂಗಾದ್ರೆ ನಾನು ಆಡೋದು ಬಿಟ್ರೂ ನಿಮಗೆ ಬೇಜಾರಿಲ್ವಾ?"

"ಸಾಲ ಮಾಡಿ ನನ್ನ ಹತ್ರ ಮುಚ್ಚಿಟ್ಯಲ್ಲ, ಅದಕ್ಕೆ ಬೇಜಾರು."

ಮಗ ಬಹಳ ಹೊತ್ತು ಅತ್ತ. ಅವನು ಸಮಾಧಾನಗೊಂಡ ಮೇಲೆಯೇ ನಾನು ಸಲಹೆಗೆ ತೊಡಗಿದೆ. ತೀರಿಸಬೇಕಾದ ಋಣವೆಂದು ಆಟವನ್ನು ಆಡುತ್ತಿರುವವನಿಗೆ ಅದನ್ನು ಬಿಡುವ ಸ್ವಾತಂತ್ರ್ಯವೂ ಇರುವುದಿಲ್ಲ, ಮುಂದುವರಿಸುವ ಸ್ವಾತಂತ್ರ್ಯವೂ ಇರುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಕೆಲಸವನ್ನು ಒಪ್ಪಿಕೊಳ್ಳಲು ಹೇಳಿದೆ. ಗೆಳೆಯರು ಹೇಳಿದ ನಿಯಮ ನಿಜವೇ. ಆದರೆ ಕಳೆದುಕೊಂಡ ಅಮೆಚೂರ್ ಸ್ಥಾನವನ್ನು ಅರ್ಜಿ ಸಲ್ಲಿಸಿ, ಕಾಯುವ ಅವಧಿ ಮುಗಿಸಿ ಮರಳಿ ಪಡೆಯಲು ಅದೇ ನಿಯಮಾವಳಿಯಲ್ಲಿ ದಾರಿಯಿದೆ. ತರಬೇತುದಾರನಾದವನಿಗೆ, ವೃತ್ತಿಪರ ಗಾಲ್ಫ್ ಟೂರ್ನಿಗಳನ್ನು ನಡೆಸುವ ಪಿಜಿಟಿಐನ ಅರ್ಹತಾ ಸುತ್ತಿನ ಬಾಗಿಲೂ ಮುಚ್ಚುವುದಿಲ್ಲ. ಇಂಡಿಯನ್ ಗಾಲ್ಫ್ ಯೂನಿಯನ್ನಿನ ನ್ಯಾಷನಲ್ ಗಾಲ್ಫ್ ಅಕಾಡೆಮಿ ತರಬೇತುದಾರರಿಗೆ ಹಂತಹಂತವಾಗಿ ಪ್ರಮಾಣಪತ್ರ ನೀಡುತ್ತದೆ. ಅದನ್ನು ಪಡೆದವರು ಇನ್ನೊಂದು ಊರಿನಲ್ಲೂ ಕೆಲಸ ಕೇಳಬಹುದು. ಬ್ಯಾಗ್ ಹೊರುವವರ ದಿನಗೂಲಿಗೆ ಆ ಭದ್ರತೆಯಿಲ್ಲ.

ಕೆಲವು ಸಹೋದ್ಯೋಗಿಗಳು ಈ ಸಲಹೆಯನ್ನು ಆಕ್ಷೇಪಿಸಿದರು. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಟೂರ್ನಿ ಗೆದ್ದಿರುವಾಗ, ಬಡ ಮನೆಯ ಹುಡುಗನಿಗೆ ಮಾತ್ರ ನೌಕರಿಯ ದಾರಿ ತೋರಿಸುವುದು ಅನ್ಯಾಯವಲ್ಲವೇ ಎಂದು ಕೇಳಿದರು. ಮುನಿಯಪ್ಪನವರ ಗೆಲುವು ನನಗೂ ಹೆಮ್ಮೆಯ ವಿಷಯ. ಆದರೆ ಆ ಹೆಸರನ್ನು ಮುಂದಿಟ್ಟು ಸಾಲದ ಮೇಲೆ ಸಾಲ ಮಾಡಲು ಹುರಿದುಂಬಿಸುವವರು ಸೋಲು ಬಂದಾಗ ಕಂತು ಕಟ್ಟಲು ಬರುವುದಿಲ್ಲ. ಆಟ ಬಿಡು ಎಂದು ನಾನು ಹೇಳಲಿಲ್ಲ. ಆಟದ ಖರ್ಚನ್ನು ಆಟದಿಂದಲೇ ಬಂದ ಸಂಬಳ ಹೊರಲಿ ಎಂದಷ್ಟೇ ಹೇಳಿದೆ.

ಗಾಲ್ಫ್ ಮೇಲಿನ ಪ್ರೀತಿಯಿಂದ ಈ ಕ್ಷೇತ್ರದ ಕೆಲಸಕ್ಕೆ ಸೇರುವವರು, ಅದು ತರಬೇತಿಯಾಗಲಿ ಹುಲ್ಲಿನ ನಿರ್ವಹಣೆಯಾಗಲಿ, ಮೊದಲೇ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕು. ದಿನವಿಡೀ ಮೈದಾನದಲ್ಲಿದ್ದರೂ ಸ್ವತಃ ಆಡಲು ಸಮಯ ಸಿಗುತ್ತದೆಂಬ ಖಾತ್ರಿಯಿಲ್ಲ. ಬೆಳಗಿನ ಒಳ್ಳೆಯ ಹೊತ್ತು ಗಿರಾಕಿಗಳದು. ಆದ್ದರಿಂದ ಸ್ವಂತ ಅಭ್ಯಾಸಕ್ಕೆ ವಾರದಲ್ಲಿ ಎಷ್ಟು ಗಂಟೆ, ಯಾವ ದಿನ, ಚೆಂಡುಗಳ ಖರ್ಚು ಯಾರದು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಲು ಈ ಯುವಕನಿಗೆ ತಿಳಿಸಿದೆ. ಅವನು ಕೇಳಿದ, ವಾರಕ್ಕೆರಡು ಸಂಜೆ ದೊರೆತವು. ಮೊದಲ ಸಂಬಳದಿಂದಲೇ ಸಾಲದ ಕಂತು ಶುರುವಾಗಿದೆ. ಲೆಕ್ಕದ ಪುಸ್ತಕ ತಂದೆಯ ಬಳಿ ಇದೆ.